ಕಾಲೇಜಿನ ತರುಣರ ಮನಸ್ಸೂ ಯಂತ್ರದ ಆಸರೆಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ವಿದ್ಯಾವಂತ ಗೃಹಸ್ಥರಲ್ಲಿ ಕಾಲೇಜು ಮಕ್ಕಳ ಮನಸ್ಸಿನ ಮಾತು ಬಂದಿತೆಂದರೆ ಎರಡು ಪಕ್ಷಗಳು ಕೂಡಲೆ ಏರ್ಪಡುವವು. "ಎಲ್ಲಕ್ಕೂ ಆ ಮೊಬೈಲೇ ಮೂಲ, ಅದನ್ನು ಕಸಿದುಕೊಂಡರೆ ಹುಡುಗನು ತಾನಾಗಿ ಸರಿಹೋಗುವನು" ಎಂದು ಮೊದಲನೆಯ ಪಕ್ಷದವರು ಹೇಳುವರು. "ಕಾಲ ಬದಲಾಗಿದೆ, ಈಗ ಮನಸ್ಸಿಗೂ ಆ್ಯಪ್‌ಗಳುಂಟು, ಕಾಲೇಜಿನವರು ಒಂದನ್ನು ತರಿಸಿ ಹುಡುಗರ ಕೈಗೆ ಕೊಟ್ಟರೆ ತೀರಿತು" ಎಂದು ಎರಡನೆಯವರು ಹೇಳುವರು. ಮೊದಲಿನವರು ರೋಗವನ್ನರಿಯರು, ಎರಡನೆಯವರು ಔಷಧವನ್ನರಿಯರು. ಇವರಿಬ್ಬರ ವಾದದ ಗದ್ದಲದಲ್ಲಿ ಆ ಹುಡುಗನು ಹೇಳಬೇಕೆಂದಿದ್ದ ಮಾತನ್ನು ಕೇಳುವವರೇ ಇಲ್ಲದೆ ಹೋಗಿದೆ.

ವಿಷಯವು ಹಗುರವಾದುದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2023ನೆಯ ಇಸವಿಯೊಂದರಲ್ಲಿಯೇ ಭಾರತದಲ್ಲಿ 13,892 ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇವರೆಲ್ಲ ದೂರದ ಪಟ್ಟಣಗಳ ಮಕ್ಕಳೆಂದು ಸಮಾಧಾನ ತಾಳುವದು ಸಲ್ಲದು. ಶಿರಸಿಯ ವಸತಿಗೃಹದಲ್ಲಿದ್ದು ಓದುವ ಹಳ್ಳಿಯ ಹುಡುಗಿಗೂ ಪರೀಕ್ಷೆಯ ಭಯವುಂಟು, ಅಂಕಗಳ ಹೋಲಿಕೆಯುಂಟು; ತೋಟಕ್ಕೆ ಕೊಳೆಯೋ ಎಲೆಚುಕ್ಕಿಯೋ ತಗಲಿದ ವರುಷ ತಂದೆಯ ದನಿಯಲ್ಲಿ ಕೇಳಬರುವ ಸಾಲದ ಭಾರವುಂಟು; ಓದಿ ಬೆಂಗಳೂರು ಸೇರದಿದ್ದವನ ಬಾಳು ವ್ಯರ್ಥವೆಂಬ ಊರಿನ ತೀರ್ಪುಂಟು. ಯಲ್ಲಾಪುರದ ಕಾಡಿನಂಚಿನಿಂದ ಬರುವ ಸಿದ್ದಿ, ಗೌಳಿ ಮನೆತನಗಳ ಮಕ್ಕಳು ಮನೆಯವರೊಳಗೆ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗರಾಗಿದ್ದರಂತೂ, ಅವರ ಕಷ್ಟವು ಎಂಥದೆಂದು ತಿಳಿಯಬಲ್ಲವರು ಮನೆಯಲ್ಲಿಯೂ ದೊರೆಯರು, ತರಗತಿಯಲ್ಲಿಯೂ ದೊರೆಯರು.

ಮೊದಲನೆಯ ಪಕ್ಷದ ವಾದವನ್ನು ಮೊದಲು ಪರೀಕ್ಷಿಸಬೇಕು. ನಿದ್ದೆಗೆಟ್ಟು ಮೊಬೈಲು ನೋಡುವದು ಮನಸ್ಸಿಗೆ ಹಿತವಲ್ಲವೆಂಬದನ್ನು ಯಾರೂ ಅಲ್ಲಗಳೆಯರು. ಆದರೆ ಮೊಬೈಲು ಹುಟ್ಟುವದಕ್ಕೆ ಮುಂಚೆಯೂ ಈ ಸೀಮೆಯ ಮನೆಗಳ ಮಾಳಿಗೆಯ ಕತ್ತಲೆಯಲ್ಲಿ ಊಟ ಬಿಟ್ಟು ಮಲಗಿದ ತರುಣರಿದ್ದರು. ಅವರಿಗೆ 'ಗಾಳಿ ಸೋಂಕಿದೆ' ಎಂದರು, 'ಸೋಮಾರಿ' ಎಂದರು, 'ಮದುವೆಯಾದರೆ ಸರಿಹೋಗುವದು' ಎಂದರು. ವೈದ್ಯನ ಬಳಿಗೆ ಮಾತ್ರ ಕರೆದೊಯ್ಯಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಯಿಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಮನೋವ್ಯಾಧಿಯಿಂದ ಬಳಲುವವರಲ್ಲಿ ವ್ಯಾಧಿಯ ಬಗೆಯನ್ನನುಸರಿಸಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ಕಂಡುಬಂದಿತು. ಈ ಉಪೇಕ್ಷೆಯನ್ನು ಮೊಬೈಲು ತಂದುದಲ್ಲ. ಮನೆತನದ ಮರ್ಯಾದೆಯೆಂಬ ಹೆಸರಿನಲ್ಲಿ ಗೃಹಸ್ಥರೇ ಬೆಳೆಯಿಸಿಕೊಂಡು ಬಂದುದು.

ಅದೇ ಉಪಕರಣವು ಈಗ ಈ ಉಪೇಕ್ಷೆಯ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದಿದೆ. 2022ನೆಯ ಅಕ್ಟೋಬರ್ 10ರಂದು ಭಾರತ ಸರಕಾರವು 'ಟೆಲಿ-ಮಾನಸ್' ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಹೊಂದಿದ ಆಪ್ತಸಮಾಲೋಚಕರು ಕೇಳುವರು. ಅವಶ್ಯವಿದ್ದರೆ ಮನೋವೈದ್ಯರಿಗೆ ಒಪ್ಪಿಸುವರು. ಇದರ ಬೆಲೆಯು ದೊಡ್ಡ ನಗರದವರಿಗಿಂತ ಘಟ್ಟದ ಮೇಲಿನ ಹಳ್ಳಿಯವರಿಗೆ ಹೆಚ್ಚು ತಿಳಿಯಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಿಬರುವದಕ್ಕೆ ಒಂದು ಹಗಲು ಬೇಕು, ಬಸ್ಸಿನ ಖರ್ಚು ಬೇಕು. ಎಲ್ಲಕ್ಕೂ ಹೆಚ್ಚಾಗಿ, ಏಕೆ ಹೋಗುವದೆಂದು ಕೇಳುವವರಿಗೆ ಹೇಳಲು ಒಂದು ಸುಳ್ಳು ಬೇಕು. ಒಬ್ಬರ ಮನೆಯ ಸುದ್ದಿ ಸಂಜೆಯೊಳಗೆ ಸಹಕಾರಿ ಸಂಘದ ಕಟ್ಟೆಗೆ ತಲುಪುವ ಸೀಮೆಯಲ್ಲಿ, ಮುಖ ತೋರಿಸದೆ ದುಃಖವನ್ನು ಹೇಳಿಕೊಳ್ಳುವ ಅವಕಾಶವು ಸಣ್ಣ ಉಪಕಾರವಲ್ಲ. ಆದುದರಿಂದ ಯಂತ್ರವೇ ಬೇಡವೆನ್ನುವವರು, ಹೊಳೆಯಲ್ಲಿ ಮುಳುಗುತ್ತಿರುವವನಿಗೆ ಹಗ್ಗವನ್ನು ಎಸೆಯಬೇಡಿರೆಂದು ಹೇಳಿದಂತಾಗುವದು.

ಇಷ್ಟನ್ನು ಕೇಳಿ ಎರಡನೆಯ ಪಕ್ಷದವರು ಗೆದ್ದೆವೆಂದು ಹಿಗ್ಗಬೇಕಾದುದಿಲ್ಲ. ಟೆಲಿ-ಮಾನಸ್‌ದ ತಂತಿಯ ಆಚೆಯ ತುದಿಯಲ್ಲಿ ಇರುವವನು ಮನುಷ್ಯನು. ಆ್ಯಪ್‌ದೊಳಗಿನ ಮಾತಿನ ಯಂತ್ರದ ಆಚೆಯ ತುದಿಯಲ್ಲಿ ಯಾರೂ ಇಲ್ಲ. ಅಮೆರಿಕೆಯ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ಎಂಬ ಪಂಡಿತನು 1966ರಲ್ಲಿ 'ಎಲೈಜಾ' ಎಂಬ ಗಣಕಕ್ರಮವನ್ನು ಪ್ರಕಟಿಸಿದನು. ಅದು ಬಳಸುವವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುತ್ತಿತ್ತು. ಅದಕ್ಕೆ ಅರ್ಥವೆಂಬದು ತಿಳಿದಿರಲಿಲ್ಲ. ಆದರೂ ಜನರು ಅದರ ಮುಂದೆ ಮನಸ್ಸು ಬಿಚ್ಚತೊಡಗಿದುದನ್ನು ಕಂಡು ಅದನ್ನು ನಿರ್ಮಿಸಿದವನೇ ಬೆದರಿದನು. ಮುಂದೆ 1976ರಲ್ಲಿ ಅದರ ವಿಷಯವಾಗಿ ಎಚ್ಚರಿಕೆಯ ಗ್ರಂಥವನ್ನೂ ಬರೆದನು. ಇಂದಿನ ಯಂತ್ರಗಳು ಎಲೈಜಾಕ್ಕಿಂತ ಬಹಳ ಜಾಣವಾಗಿವೆ. ನಿದ್ರೆಯ ನಿಯಮ, ಉಸಿರಾಟದ ಅಭ್ಯಾಸ, ದಿನಚರಿಯ ಬರವಣಿಗೆ ಮುಂತಾದುವುಗಳಿಗೆ ಅವು ಉಪಯುಕ್ತವೂ ಹೌದು. ಆದರೆ ನಡುರಾತ್ರಿಯಲ್ಲಿ ಹುಡುಗನೊಬ್ಬನು "ಇನ್ನು ಸಾಕು" ಎಂದರೆ, ಎದ್ದು ಹೋಗಿ ಅವನ ಕೋಣೆಯ ಬಾಗಿಲು ತಟ್ಟುವ ಕೈ ಯಂತ್ರಕ್ಕಿಲ್ಲ. ಅಷ್ಟೇ ಅಲ್ಲ, ಕಂಪನಿಯ ಲೆಕ್ಕಾಚಾರ ತಪ್ಪಿದರೆ ಯಂತ್ರವೂ ಇಲ್ಲದಾಗುವದು. ಬಹು ಪ್ರಸಿದ್ಧವಾಗಿದ್ದ 'ವೋಬಾಟ್' ಎಂಬ ಅಮೆರಿಕೆಯ ಆ್ಯಪನ್ನು ಅದರ ಕಂಪನಿಯು 2025ನೆಯ ಜೂನ್ 30ರಂದು ಮುಚ್ಚಿತು. ತರುಣನ ಆಪ್ತಮಿತ್ರನು ವ್ಯಾಪಾರದ ಅನುಕೂಲಕ್ಕಾಗಿ ಒಂದು ದಿನ ಇಲ್ಲದಂತಾಗುವದು ಎಂಥ ಮೈತ್ರಿ?

ಇನ್ನು ಭಾಷೆಯ ಮಾತು. ಹಲವು ಆ್ಯಪ್‌ಗಳು ಇಂಗ್ಲಿಷಿನಲ್ಲಿ ಕೇಳುವವು. ಕೆಲವು ಕನ್ನಡವೆಂದು ಹೇಳಿಕೊಂಡರೂ ಅದು ಇಂಗ್ಲಿಷಿಗೆ ಕನ್ನಡದ ಅಂಗಿ ತೊಡಿಸಿದಂಥದು. ಈ ಸೀಮೆಯ ಹುಡುಗಿಯು ತನಗೆ 'ಖಿನ್ನತೆ'ಯಿದೆಯೆಂದು ಹೇಳುವವಳಲ್ಲ. "ಬೇಜಾರು", "ತಲೆಬಿಸಿ", "ಊಟ ಸೇರುವದಿಲ್ಲ", "ಎಂಥದೂ ಬೇಡ" ಎನ್ನುವಳು. ಅಥವಾ ಏನನ್ನೂ ಹೇಳದೆ ಕೊನೆಯ ಬೆಂಚಿಗೆ ಸರಿದು ಕುಳ್ಳಿರುವಳು. ಆ ಸರಿದು ಕುಳಿತುದನ್ನು ಕಾಣುವ ಕಣ್ಣು ಉಪಾಧ್ಯಾಯರಿಗೆ ಇರಬೇಕು. ಪ್ರಶ್ನಾವಳಿಯ ಮೇಲೆ ಬೆರಳೊತ್ತಿಸಿಕೊಳ್ಳುವ ಯಂತ್ರಕ್ಕೆ ಅದು ಕಾಣದು. ಸಂಪರ್ಕದ ಕಷ್ಟವನ್ನಂತೂ ಹೇಳಬೇಕಾದುದಿಲ್ಲ. 2020ರಲ್ಲಿ ಕೊರೋನಾದ ನಿಮಿತ್ತ ಪಾಠಗಳು ಮೊಬೈಲಿನಲ್ಲಿ ನಡೆಯತೊಡಗಿದಾಗ ಮಲೆನಾಡಿನ ವಿದ್ಯಾರ್ಥಿಗಳು ಸಿಗ್ನಲ್ಲು ಹುಡುಕುತ್ತ ಗುಡ್ಡದ ನೆತ್ತಿಗೆ ಹೋಗಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದುದನ್ನು ಯಾರೂ ಮರೆತಿಲ್ಲ. ಪಾಠವನ್ನು ಗುಡ್ಡದ ಮೇಲೆ ಕೇಳಬಹುದು. ಮನದ ನೋವನ್ನು ಗುಡ್ಡದ ಮೇಲೆ ನಿಂತು ಕೂಗಿ ಹೇಳಲಾಗುವದೆ?

ಆದರೆ ಎರಡನೆಯ ಪಕ್ಷದವರ ನಿಜವಾದ ಅಪರಾಧವು ಇದಾವದೂ ಅಲ್ಲ. ಆ್ಯಪನ್ನು ಅವರು ಮನುಷ್ಯನಿಗೆ ಸಹಾಯವೆಂದು ತರದೆ, ಮನುಷ್ಯನನ್ನು ನೇಮಿಸದಿರುವದಕ್ಕೆ ನೆಪವೆಂದು ತರುವರು. ಸುಪ್ರೀಮ್ ಕೋರ್ಟು ವಿಶಾಖಪಟ್ಟಣದ ವಿದ್ಯಾರ್ಥಿನಿಯೊಬ್ಬಳ ಮರಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2025ನೆಯ ಜುಲೈ 25ರಂದು ಕೊಟ್ಟ ತೀರ್ಪು ಈ ನೆಪಕ್ಕೆ ಎಡೆಯನ್ನುಳಿಸಿಲ್ಲ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕನನ್ನೋ ಮನಶ್ಶಾಸ್ತ್ರಜ್ಞನನ್ನೋ ಸಮಾಜ ಕಾರ್ಯಕರ್ತನನ್ನೋ ನಿಯಮಿಸಿಕೊಳ್ಳಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಕ್ರಮಬದ್ಧವಾದ ಏರ್ಪಾಡು ಮಾಡಿಕೊಳ್ಳಬೇಕು. ಬೋಧಕರೂ ಇತರ ಸಿಬ್ಬಂದಿಯೂ ವರುಷಕ್ಕೆ ಎರಡು ಸಲವಾದರೂ ತರಬೇತಿ ಹೊಂದಬೇಕು. ಟೆಲಿ-ಮಾನಸ್ ಮೊದಲಾದ ಸಹಾಯವಾಣಿಗಳ ಸಂಖ್ಯೆಗಳನ್ನು ವಸತಿಗೃಹ ತರಗತಿಗಳಲ್ಲಿ ದೊಡ್ಡಕ್ಷರದಲ್ಲಿ ತೂಗಹಾಕಬೇಕು ಎಂದು ಆ ತೀರ್ಪು ವಿಧಿಸಿದೆ. ಇವುಗಳಲ್ಲಿ ಎಲ್ಲಕ್ಕೂ ಅಗ್ಗವಾದುದು ಕಡೆಯದು. ಅದನ್ನು ಮಾಡಿ, ಉಳಿದವನ್ನು ಬಿಟ್ಟು, ಕರ್ತವ್ಯವು ಮುಗಿಯಿತೆಂದು ವರದಿ ಬರೆಯುವ ಸಂಸ್ಥೆಯು ಎಲ್ಲಿಯಾದರೂ ಇದ್ದರೆ, ಅದು ಮಕ್ಕಳನ್ನೂ ನ್ಯಾಯಾಲಯವನ್ನೂ ಏಕಕಾಲಕ್ಕೆ ವಂಚಿಸಿದಂತೆ. ಸ್ನೇಹಸಮ್ಮೇಳನದ ಚಪ್ಪರಕ್ಕೆ ಹಣವಿರುವಲ್ಲಿ ಆಪ್ತಸಮಾಲೋಚಕನ ಸಂಬಳಕ್ಕೆ ಹಣವಿಲ್ಲವೆಂದರೆ ನಂಬುವದು ಹೇಗೆ?

ಇನ್ನೊಂದು ಅಪಾಯವು ಗುಟ್ಟಾಗಿ ಬರುವಂಥದು. ಆ್ಯಪ್‌ದೊಳಗೆ ಹೇಳಿಕೊಂಡುದೆಲ್ಲವೂ ಎಲ್ಲಿಯೋ ಬರಹವಾಗಿ ನಿಲ್ಲುವದು. ಆ ಬರಹವನ್ನು ಪ್ರಾಂಶುಪಾಲರು ಓದಬಹುದೆ? ಪಾಲಕರು ಕೇಳಿ ಪಡೆಯಬಹುದೆ? 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 23ನೆಯ ಕಲಮು ರೋಗಿಯ ಗೌಪ್ಯತೆಯನ್ನು ಹಕ್ಕೆಂದು ಒಪ್ಪಿಕೊಂಡಿದೆ. ಪ್ರಾಣಾಪಾಯವನ್ನು ತಡೆಯುವದೇ ಮೊದಲಾಗಿ ಕಾಯಿದೆಯಲ್ಲಿ ಹೇಳಿದ ಕೆಲವು ಪ್ರಸಂಗಗಳ ಹೊರತು ಈ ಹಕ್ಕನ್ನು ಮೀರಲಾಗದು. 'ಮಕ್ಕಳ ಹಿತಕ್ಕಾಗಿ' ಎಂದು ಹೇಳಿ ಯಾರು ದುಃಖದಲ್ಲಿರುವರೆಂಬ ಪಟ್ಟಿಯನ್ನು ಕಚೇರಿಯ ಮೇಜಿನ ಮೇಲಿಟ್ಟರೆ, ಮರುದಿನದಿಂದ ಯಾವ ಹುಡುಗನೂ ನಿಜವನ್ನು ನುಡಿಯನು. ವಿಶ್ವಾಸವು ಒಮ್ಮೆ ಒಡೆದರೆ ಯಾವ ಯಂತ್ರವೂ ಅದನ್ನು ಬೆಸೆಯಲಾರದು.

ಈ ಸೀಮೆಯವರಿಗೆ ಹಳ್ಳದ ಮೇಲಿನ ಕಾಲುಸಂಕದ ಪರಿಚಯವನ್ನು ಹೇಳಬೇಕಾದುದಿಲ್ಲ. ಎರಡು ಅಡಕೆಮರಗಳನ್ನು ಅಡ್ಡ ಹಾಕಿದರೆ ಸಂಕವಾಗುವದು. ಮಳೆಗಾಲದಲ್ಲಿ ಅದು ಮನೆಗೂ ಶಾಲೆಗೂ ನಡುವಿನ ಪ್ರಾಣಸೂತ್ರ. ಆದರೆ ದಡವೇ ಕುಸಿದಿರುವಲ್ಲಿ ಸಂಕವನ್ನು ಯಾರೂ ಹಾಕರು. ಯಂತ್ರಸಾಧನವು ಇಂಥ ಸಂಕ. ಒಂದು ದಡದಲ್ಲಿ ಸೇವೆಯ ವೈದ್ಯರಿದ್ದಾರೆ. ಈಚೆಯ ದಡವನ್ನು ಕಟ್ಟಬೇಕಾದವರು ಕಾಲೇಜಿನವರು, ಗೃಹಸ್ಥರು. ಪ್ರತಿಯೊಂದು ಕಾಲೇಜಿನಲ್ಲಿ ಕದವಿಕ್ಕಿ ಕುಳಿತು ಮಾತನಾಡಬಹುದಾದ ಒಂದು ಕೋಣೆ, ಸಂಪರ್ಕವು ಕಡಿಯದ ಒಂದು ದೂರವಾಣಿ, ಊರಿಗೆ ಹೋಗುವ ಕಡೆಯ ಬಸ್ಸು ಹೊರಡುವದಕ್ಕೆ ಮುಂಚೆ ದೊರೆಯುವ ಒಬ್ಬ ಸಮಾಲೋಚಕ, ಗುರುತಿನ ಚೀಟಿಯ ಹಿಂದೆ ಕನ್ನಡದಲ್ಲಿ 14416 ಎಂಬ ಅಂಕೆ, ಕೇಳಿದ ಮಾತನ್ನು ಹೊರಗೆ ಬಿಡೆವೆಂಬ ಲಿಖಿತ ನಿಯಮ: ಇವಿಷ್ಟೂ ಇರಬೇಕು. ಚಿಕ್ಕ ಕಾಲೇಜುಗಳು ಎರಡು ಮೂರು ಕೂಡಿ ಒಬ್ಬ ತಜ್ಞನನ್ನು ಗೊತ್ತು ಮಾಡಿಕೊಳ್ಳಬಹುದು. ಅಡಕೆಯ ಮಾರಾಟಕ್ಕೆ ಒಂದಾಗಿ ಸಹಕಾರವನ್ನು ಕಟ್ಟಿದ ಸೀಮೆಗೆ ಮಕ್ಕಳ ಮನಸ್ಸಿಗಾಗಿ ಒಂದಾಗುವದು ಅಸಾಧ್ಯವೇನೂ ಅಲ್ಲ.

ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ವಿಷಯವಾಗಿ ನೂರು ಪ್ರಶ್ನೆ ಕೇಳುವ ಗೃಹಸ್ಥರು ಇನ್ನು ಮುಂದೆ ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಲಿ: "ಮಗುವಿಗೆ ಮನಸ್ಸು ಸರಿಯಿಲ್ಲದ ದಿನ ಈ ಕಾಲೇಜಿನಲ್ಲಿ ಅದು ಯಾರ ಬಳಿಗೆ ಹೋಗಬೇಕು?" ಉತ್ತರವಾಗಿ ಒಬ್ಬ ಮನುಷ್ಯನ ಹೆಸರು ಬರಬೇಕು. ಆ್ಯಪ್‌ದ ಹೆಸರು ಮಾತ್ರ ಬಂದರೆ ಸಭೆಯಿಂದ ಏಳಬಾರದು. ಮನೆಗೆ ಮರಳಿದ ಮೇಲೆ ಅದೇ ಪ್ರಶ್ನೆಯನ್ನು ತಮಗೂ ಒಮ್ಮೆ ಕೇಳಿಕೊಳ್ಳುವದು ಒಳ್ಳೆಯದು.