ಊರಿನ ಸುದ್ದಿಗಾರನನ್ನು ಸಲಹುವವರಾರು?

ತೆಂಗಿನ ಸೀಮೆಯ ಜನರಿಗೆ ತಾಳ್ಮೆಯ ಪಾಠವನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಸಸಿಯನ್ನು ನೆಟ್ಟು ಐದಾರು ವರ್ಷ ನೀರೆರೆದ ಮೇಲೆ ಹೊಂಬಾಳೆ ಕಾಣಿಸುತ್ತದೆ. ಬಲಿತ ಕಾಯನ್ನು ಇಳಿಸಿ ಅಟ್ಟಕ್ಕೇರಿಸಿದ ಮೇಲೆಯೂ ಹತ್ತು ಹನ್ನೆರಡು ತಿಂಗಳು ಕಾದಲ್ಲದೆ ಉಂಡೆ ಕೊಬ್ಬರಿಯಾಗದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತರು ಈ ಕಾಯುವಿಕೆಯನ್ನು ನಷ್ಟವೆಂದು ಎಣಿಸಿದವರಲ್ಲ. ಆದರೆ ಇದೇ ಊರುಗಳಲ್ಲಿ ವೃತ್ತಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಕಾಲಿಟ್ಟ ತರುಣ ತರುಣಿಯರ ವಿಷಯದಲ್ಲಿ ನಮ್ಮ ನೀತಿಯೇ ಬೇರೆ. ನೆಟ್ಟ ದಿನವೇ ಫಲವನ್ನು ಕೇಳುತ್ತೇವೆ. ನೀರನ್ನು ಮಾತ್ರ ಎರೆಯುವುದಿಲ್ಲ.

ತಾಲ್ಲೂಕಿನ ಸುದ್ದಿಗಾರನ ಜೀವನವು ಹೇಗೆ ಸಾಗುತ್ತಿದೆಯೆಂಬುದನ್ನು ವಾಚಕ ಮಹಾಶಯರು ಒಮ್ಮೆ ವಿಚಾರಿಸಿ ನೋಡಲಿ. ಅನೇಕರಿಗೆ ತಿಂಗಳ ಸಂಬಳವೆಂಬುದೇ ಇಲ್ಲ. ಅಚ್ಚಾದ ವರದಿಗೆ ಇಷ್ಟೆಂದು ಬಂದರೆ ಬಂತು, ಅದೂ ತಡವಾಗಿ. ಹಬ್ಬ ಬಂದರೆ, ದೊಡ್ಡವರ ಹುಟ್ಟುಹಬ್ಬ ಬಂದರೆ, ಅಂಗಡಿಯಿಂದ ಅಂಗಡಿಗೆ ಅಲೆದು ಜಾಹೀರಾತನ್ನು ಕೂಡಿಸಿ ಕಳುಹಿಸಬೇಕು. ಅದರಲ್ಲಿ ಸಿಕ್ಕುವ ಕಮಿಷನ್ನೇ ಅವನ ಜೀವನಾಧಾರ. ಬೆಳಗ್ಗೆ ಯಾರ ಮುಂದೆ ಜಾಹೀರಾತಿಗಾಗಿ ಕೈಯೊಡ್ಡಿದನೋ, ಸಂಜೆ ಅವರ ತಪ್ಪನ್ನೇ ಬರೆಯಬೇಕೆಂದರೆ ಲೇಖನಿ ಏಳುವುದೆಂತು? ಪತ್ರಕರ್ತರ ಸೇವಾನಿಯಮಗಳಿಗಾಗಿ ಪಾರ್ಲಿಮೆಂಟು 1955ರಲ್ಲಿಯೇ ಕಾಯಿದೆಯನ್ನು ಮಾಡಿತು. ಮಜೀಠಿಯಾ ವೇತನ ಮಂಡಲಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2014ರಲ್ಲಿ ಎತ್ತಿಹಿಡಿಯಿತು. ಆದರೆ ನೇಮಕದ ಪತ್ರವೇ ಕೈಯಲ್ಲಿಲ್ಲದ ತರುಣನು ಯಾವ ಕಾಯಿದೆಯನ್ನು ಹಿಡಿದು ಯಾರ ಬಾಗಿಲನ್ನು ತಟ್ಟಬೇಕು? ಈಗಿನ ಪತ್ರಕರ್ತರಿಗೆ ಧೈರ್ಯವಿಲ್ಲವೆಂದು ನಾವು ಹೋಟೆಲುಗಳಲ್ಲಿ ಕುಳಿತು ಆಡಿಕೊಳ್ಳುತ್ತೇವೆ. ಧೈರ್ಯಕ್ಕೂ ಎರಡು ಹೊತ್ತಿನ ಊಟ ಬೇಕೆಂಬುದನ್ನು ಮರೆಯುತ್ತೇವೆ.

ಇದು ಒಬ್ಬ ತರುಣನ ಹೊಟ್ಟೆಯ ಪ್ರಶ್ನೆ ಮಾತ್ರವೆಂದು ತಿಳಿಯತಕ್ಕದ್ದಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಎಂದು ಗೊತ್ತಾಗಿದ್ದರೂ ತಿಪಟೂರು ಮಾರುಕಟ್ಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. 2024ರ ಆರಂಭದಲ್ಲಿ ನಾಫೆಡ್ ಖರೀದಿಗಾಗಿ ರೈತರ ಹೆಸರುಗಳನ್ನು ನೋಂದಾಯಿಸಿದಾಗ ಅಕ್ರಮದ ದೂರುಗಳೆದ್ದು, ಆ ನೋಂದಣಿಯನ್ನು ರದ್ದುಗೊಳಿಸಿ ಮತ್ತೆ ನಡೆಸಬೇಕಾಯಿತು. ಇಂಥ ಸಮಯದಲ್ಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಇವರಿಗೆ ನಿಜವಾಗಿಯೂ ತೋಟವುಂಟೇ ಎಂದು ಹಳ್ಳಿಹಳ್ಳಿಗೆ ಹೋಗಿ ನೋಡಿಬರುವವರು ಯಾರು? 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಗೂ ಆ ಆಜ್ಞೆ ತಟ್ಟಿತು. ದಿನಕ್ಕೆ ಎಷ್ಟು ಲಾರಿಗಳು ಹೋದುವೆಂದು ದಾರಿಯಲ್ಲಿ ನಿಂತು ಎಣಿಸಬಲ್ಲವನು ಸ್ಥಳದ ಸುದ್ದಿಗಾರನೇ ಹೊರತು ರಾಜಧಾನಿಯ ಸಂಪಾದಕನಲ್ಲ. ಕೈಫೋನಿನಲ್ಲಿ ಗಳಿಗೆಗೊಂದು ಸುದ್ದಿ ಬರುತ್ತಿರುವಾಗ ಇವನೇಕೆ ಬೇಕೆಂದು ಕೆಲವರು ಕೇಳುವರು. ಫೋನು ಒಬ್ಬರು ಹೇಳಿದುದನ್ನು ನೂರು ಜನಕ್ಕೆ ಮುಟ್ಟಿಸುತ್ತದೆ, ನಿಜ. ಪಂಚಾಯಿತಿಯ ಸಭೆಯಲ್ಲಿ ಮೂರು ಗಂಟೆ ಕುಳಿತು ಲೆಕ್ಕವನ್ನು ಓದುವ ಕೆಲಸವನ್ನು ಅದು ಮಾಡಲಾರದು.

ಪ್ರತಿಭೆಗೆ ಈ ಮಣ್ಣಿನಲ್ಲಿ ಬರವಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ ಸಂಪಿಗೆ ಗ್ರಾಮವು ತುರುವೇಕೆರೆ ತಾಲ್ಲೂಕಿನದು, ತೀ. ನಂ. ಶ್ರೀಕಂಠಯ್ಯನವರ ತೀರ್ಥಪುರವು ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಬೇಕಾದುದು ಬೆಳೆಯಲು ಅವಕಾಶ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಬೆಂಗಳೂರಿಗೆ ಬಂದ ಮುಳುಬಾಗಿಲಿನ ಡಿ. ವಿ. ಗುಂಡಪ್ಪನವರು ಮೊದಲು ಇತರರ ಪತ್ರಿಕೆಗಳಲ್ಲಿ ದುಡಿದು ಕೆಲಸವನ್ನು ಕಲಿತರು. ಆಮೇಲೆ 1913ರಲ್ಲಿ ತಮ್ಮದೇ ಆದ 'ಕರ್ನಾಟಕ' ಪತ್ರಿಕೆಯನ್ನು ಹೊರಡಿಸಿದರು. ಆ ಮೊದಲ ಬಾಗಿಲುಗಳು ಮುಚ್ಚಿದ್ದಿದ್ದರೆ ನಾಡಿಗೆ ಎಂಥ ನಷ್ಟವಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಇತರ ದೇಶಗಳವರು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಇಂಗ್ಲೆಂಡಿನಲ್ಲಿ ಬಿಬಿಸಿ ಸಂಸ್ಥೆಯು 2018ರಿಂದ ತನ್ನ ಹಣದಿಂದ ನೂರೈವತ್ತು ಮಂದಿ ವರದಿಗಾರರನ್ನು ಸ್ಥಳೀಯ ಪತ್ರಿಕೆಗಳಲ್ಲಿ ಇರಿಸುವ ಏರ್ಪಾಡನ್ನು ಮಾಡಿತು; ಪುರಸಭೆಗಳ ವ್ಯವಹಾರವನ್ನು ಬರೆಯುವುದೇ ಅವರ ಕೆಲಸ. ಅಮೆರಿಕದಲ್ಲಿ 2017ರಲ್ಲಿ ಹುಟ್ಟಿದ 'ರಿಪೋರ್ಟ್ ಫಾರ್ ಅಮೆರಿಕ' ಎಂಬ ಸಂಸ್ಥೆಯು ತರುಣ ವರದಿಗಾರರನ್ನು ಸಣ್ಣ ಊರುಗಳ ಪತ್ರಿಕೆಗಳಿಗೆ ಕಳುಹಿಸಿ, ಸಂಬಳದ ಒಂದು ಪಾಲನ್ನು ತಾನು ಕೊಟ್ಟು, ಉಳಿದುದನ್ನು ಪತ್ರಿಕೆಯಿಂದಲೂ ಊರಿನ ದಾನಿಗಳಿಂದಲೂ ಕೂಡಿಸುವ ಕ್ರಮವನ್ನು ಹಾಕಿತು.

ನಮ್ಮ ಮೂರು ತಾಲ್ಲೂಕುಗಳಿಗೆ ಇದು ಶಕ್ತಿಮೀರಿದ ಕೆಲಸವೇನೂ ಅಲ್ಲ. ತಾಲ್ಲೂಕಿಗೊಬ್ಬರಂತೆ ಮೂವರನ್ನು ಆರಿಸಿ, ಎರಡು ವರ್ಷಗಳ ಮಟ್ಟಿಗೆ ನಿಶ್ಚಿತ ಸಂಬಳವನ್ನು ಕೊಡುವ ನಿಧಿಯೊಂದನ್ನು ಕೂಡಿಸೋಣ. ಅರ್ಧವನ್ನು ಪತ್ರಿಕೆಯವರು ಕೊಡಲಿ. ಇನ್ನರ್ಧವನ್ನು ಕೊಬ್ಬರಿ ವರ್ತಕರೂ, ಸಹಕಾರ ಸಂಘಗಳೂ, ಬೆಂಗಳೂರು ಸೇರಿದ ನಮ್ಮೂರ ಮಕ್ಕಳೂ ಕೊಡಲಿ. ಹಣ ಕೊಟ್ಟವರು ಲೇಖನಿಯನ್ನೂ ಹಿಡಿಯಬಂದಾರೆಂಬ ಶಂಕೆ ಸಹಜವಾದುದೇ. ಅದಕ್ಕಾಗಿಯೇ ಮೂರು ಕಟ್ಟುಪಾಡುಗಳಿರಬೇಕು: ಯಾವ ಒಬ್ಬ ದಾನಿಯ ಹಣವೂ ನಿಧಿಯ ಹತ್ತನೆಯ ಒಂದು ಪಾಲನ್ನು ಮೀರಕೂಡದು, ದಾನಿಗಳ ಹೆಸರೂ ಮೊತ್ತವೂ ಪತ್ರಿಕೆಯಲ್ಲಿ ಅಚ್ಚಾಗಬೇಕು, ನಿಧಿಯಿಂದ ಸಂಬಳ ಪಡೆಯುವ ಸುದ್ದಿಗಾರನನ್ನು ಜಾಹೀರಾತಿಗೆ ಕಳುಹಿಸಕೂಡದು. ಯಾವ ಸುದ್ದಿ ಅಚ್ಚಾಗಬೇಕೆಂಬುದು ಸಂಪಾದಕನ ವಿವೇಚನೆಗೆ ಮಾತ್ರ ಸೇರಿದುದು.

ಹಣವೊಂದರಿಂದಲೇ ಸುದ್ದಿಗಾರನು ಸಿದ್ಧನಾಗನು. ಉಪಾಧ್ಯಾಯ ಮಹನೀಯರು ಅವನ ಭಾಷೆಯನ್ನು ತಿದ್ದಲಿ. ವಕೀಲರು ಕಂದಾಯದ ದಾಖಲೆಯನ್ನು ಓದುವ ಬಗೆಯನ್ನು ಹೇಳಿಕೊಡಲಿ. ಅವನ ಮೇಲೆ ದಾವೆ ಬಂದ ದಿನ ಪಕ್ಕದಲ್ಲಿ ನಿಲ್ಲಲಿ. ಹಿರಿಯ ಪತ್ರಕರ್ತರು ಅವನ ತಪ್ಪನ್ನು ಮರೆಯಲ್ಲಿ ತಿದ್ದಿ, ಒಪ್ಪನ್ನು ನಾಲ್ವರೆದುರು ಹೇಳಲಿ. ಉಳಿದ ನಾವು ಪಕ್ಕದ ಮನೆಯ ಪತ್ರಿಕೆಯನ್ನು ಎರವಲು ತಂದು ಓದುವ ಅಭ್ಯಾಸವನ್ನು ಬಿಟ್ಟು, ಚಂದಾ ಕೊಟ್ಟು ತರಿಸೋಣ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವು 1843ರ ಜುಲೈ 1ರಂದು ಹೊರಟಿತು. ಆ ದಿನವನ್ನು ನಾವು ವರ್ಷವರ್ಷವೂ ಪತ್ರಿಕಾ ದಿನವೆಂದು ಆಚರಿಸಿ, ಹಾರ ಹಾಕಿ, ಭಾಷಣ ಮಾಡಿ ಮನೆಗೆ ತೆರಳುತ್ತೇವೆ. ಬರುವ ಜುಲೈ 1ರಂದು ಹಾರದ ಹಣವನ್ನಾದರೂ ಈ ನಿಧಿಗೆ ಹಾಕಿ ಮೊದಲುಮಾಡೋಣ. ತನ್ನ ಸುದ್ದಿಗಾರನನ್ನು ತಾನೇ ಸಲಹದ ಊರು, ನಾಳೆ ತನಗೆ ಅನ್ಯಾಯವಾದಾಗ ಯಾರ ಲೇಖನಿಯನ್ನು ಕರೆದೀತು?