ಮುಟ್ಟಿದರೆ ಮುನಿಯ ಬೇರಿನಲ್ಲಿ

ಹುಲೇಕಲ್ಲಿನ ಅಡಿಕೆ ತೋಟಗಳ ಅಂಚಿನಲ್ಲಿ ಹಬ್ಬುವ ಮುಟ್ಟಿದರೆ ಮುನಿಯನ್ನು ಶಪಿಸದವರಿಲ್ಲ. ವಾಚಕರು ಒಮ್ಮೆ ಅದನ್ನು ಬೇರುಸಹಿತ ಕಿತ್ತು ನೋಡಬೇಕು. ಬೇರಿನ ಸಣ್ಣ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು! ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯದು. ಆಮ್ಲಜನಕವನ್ನು ಹಿಡಿದಿಡುವ ಕಾವಲುಗಾರ.

ಕಾವಲೇಕೆ? ಗಂಟಿನೊಳಗಿನ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಅಮೋನಿಯವಾಗಿಸುತ್ತವೆ. ಆ ಕಾರ್ಯವನ್ನು ನಡೆಸುವ ನೈಟ್ರೋಜಿನೇಸ್ ಎಂಬ ಕಿಣ್ವವು ಆಮ್ಲಜನಕ ಸೋಕಿದರೆ ಕೆಡುತ್ತದೆ. ಈ ದೌರ್ಬಲ್ಯದಲ್ಲಿಯೇ ಅದರ ಜಾತಕವಿದೆ: ವಾಯುಮಂಡಲದಲ್ಲಿ ಆಮ್ಲಜನಕ ತುಂಬುವ ಮುನ್ನವೇ ಅದು ಹುಟ್ಟಿರಬೇಕು. 320 ಕೋಟಿ ವರ್ಷಗಳ ಹಿಂದಿನ ಶಿಲೆಗಳಲ್ಲಿ ಅದರ ಸುಳಿವಿದೆಯೆಂದು 2015ರಲ್ಲಿ ವರದಿಯಾಯಿತು.

ಅದರ ವಂಶವಾಹಿಗಳಿಗೆ ‘ನಿಫ್’ ಎಂದು ಹೆಸರು. ಕೆಸರಿನಲ್ಲಿ ಮೀಥೇನ್ ಹುಟ್ಟಿಸುವ ಆರ್ಕಿಯಗಳಿಗೂ ಈ ವಿದ್ಯೆ ಗೊತ್ತೆಂಬುದು 1984ರಲ್ಲಿ ತಿಳಿಯಿತು. (ಗೋಬರ್ ಅನಿಲದ ತೊಟ್ಟಿಯಲ್ಲಿರುವವೂ ಇದೇ ಕುಲದವು.) ಮೊದಲ ಒಡೆಯರು ಯಾರೆಂಬ ವಾದ ಮುಗಿದಿಲ್ಲ, ಏಕೆಂದರೆ ಈ ಆಸ್ತಿ ತಾಯಿಯಿಂದ ಮಗಳಿಗೆ ಮಾತ್ರ ಬಂದುದಲ್ಲ, ನೆರೆಯವರ ಬೇಲಿಯನ್ನೂ ದಾಟಿದೆ. 1972ರಲ್ಲಿ ಡಿಕ್ಸನ್ ಮತ್ತು ಪೋಸ್ಟ್‌ಗೇಟ್ ಕ್ಲೆಬ್ಸಿಯೆಲ್ಲದ ನಿಫ್ ಸೊತ್ತನ್ನು ನಮ್ಮ ಕರುಳಿನ ಪರಿಚಿತವಾದ ಇ. ಕೋಲಿಗೆ ದಾಟಿಸಿಯೇ ತೋರಿಸಿದರು.

ಹಾಗಾದರೆ ಅಡಿಕೆ ಮರಕ್ಕೇ ಏಕೆ ಕೊಡಬಾರದು? ಎಕರೆ ತೋಟಕ್ಕೆ ಎಂಟೊಂಬತ್ತು ಎಕರೆ ಸೊಪ್ಪಿನ ಬೆಟ್ಟವನ್ನು ನೆಚ್ಚಿದ ನಮ್ಮ ಸೀಮೆಗೆ ಇದು ಬರಿಯ ಕುತೂಹಲವಲ್ಲ. ಅನೇಕ ಬೆಟ್ಟಗಳು ಸವರಿ ಸವರಿ ಸೊರಗಿವೆ. ಆದರೆ ಈ ಕಿಣ್ವವನ್ನು ಕಟ್ಟಲು ಹಲವು ವಂಶವಾಹಿಗಳು ಒಡಗೂಡಬೇಕು. ಎಲೆಯೋ ಹಗಲೆಲ್ಲ ಆಮ್ಲಜನಕವನ್ನೇ ಹೊರಗೆಡಹುವ ಕಾರ್ಖಾನೆ. ಬ್ಯಾಕ್ಟೀರಿಯವನ್ನೇ ತನ್ನ ಅಂಗವಾಗಿಸಿಕೊಂಡ ಕಡಲ ಪಾಚಿಯೊಂದರ ಸುದ್ದಿ 2024ರಲ್ಲಿ ಬಂದಿದೆ. ಅಡಿಕೆ ಅಷ್ಟು ಕಾಲ ಕಾಯದು. ಬೇಲಿಗೆ ನೆಟ್ಟ ಗ್ಲಿರಿಸಿಡಿಯದ ಬೇರಿನಲ್ಲಿಯೂ ಇಂಥ ಗಂಟುಗಳಿವೆ. ಅದರ ಸೊಪ್ಪು ಕೈಗೆಟುಕುವಷ್ಟು ಹತ್ತಿರದಲ್ಲಿದೆ.