ರಂಜಾನ್ ಉಪವಾಸ ಮತ್ತು ಮರೆತ ವಿನಾಯಿತಿ

2015ರ ಜೂನ್‌ನಲ್ಲಿ ರಂಜಾನ್ ಉಪವಾಸ ಆರಂಭವಾದ ಬೆನ್ನಲ್ಲೇ ಪಾಕಿಸ್ತಾನದ ಕರಾಚಿ ನಗರವನ್ನು ಬಿಸಿಗಾಳಿ ಆವರಿಸಿತು. ತಾಪಮಾನ 45 ಡಿಗ್ರಿ ಸೆಲ್ಸಿಯಸ್ ಸಮೀಪಿಸಿ, ಸಾವಿರಕ್ಕೂ ಅಧಿಕ ಮಂದಿ ಅಸುನೀಗಿದರು. ಇದಕ್ಕೆ ಉಪವಾಸವೊಂದನ್ನೇ ಹೊಣೆಯಾಗಿಸುವುದು ಅನ್ಯಾಯ; ವಿದ್ಯುತ್ ಕಡಿತ, ನೀರಿನ ಅಭಾವಗಳ ಪಾಲೂ ದೊಡ್ಡದಿತ್ತು. ಆದರೆ, ಪ್ರಾಣಾಪಾಯವಿರುವವರು ಉಪವಾಸ ಬಿಡಬಹುದೆಂದು ಧರ್ಮಗುರುಗಳೇ ಬಹಿರಂಗವಾಗಿ ಹೇಳಬೇಕಾಯಿತು.

ಹೇಳಬೇಕಾಗಿ ಬಂದದ್ದೇ ಸೋಜಿಗ. ನಸುಕಿನಿಂದ ಸೂರ್ಯಾಸ್ತದವರೆಗೆ ಅನ್ನ, ನೀರು ತೊರೆಯುವ ಈ ವ್ರತದ ಉದ್ದೇಶ ದೇಹದಂಡನೆಯಲ್ಲ, ‘ತಖ್ವಾ’. ಅಂದರೆ ದೇವಭಯದಿಂದ ಮೂಡುವ ಆತ್ಮಸಂಯಮ. ಉಪವಾಸವನ್ನು ವಿಧಿಸಿದ ಕುರ್‌ಆನ್ ಅದರ ಮರುವಚನದಲ್ಲೇ ರೋಗಿಗಳಿಗೂ ಪ್ರಯಾಣಿಕರಿಗೂ ವಿನಾಯಿತಿ ನೀಡಿದೆ. ತಪ್ಪಿದ ದಿನಗಳನ್ನು ಬಳಿಕ ಪೂರೈಸಬಹುದು. ವಾಸಿಯಾಗದ ಕಾಯಿಲೆಯುಳ್ಳವರು ತಪ್ಪಿದ ಪ್ರತಿ ದಿನಕ್ಕೆ ಒಬ್ಬ ಬಡವನಿಗೆ ಉಣಬಡಿಸಿದರೆ ಸಾಕು, ಇದುವೇ ‘ಫಿದ್ಯಾ’.

ಗ್ರಂಥದ ಈ ಔದಾರ್ಯ ಬೀದಿಗೆ ಇಳಿಯುವುದು ಕಷ್ಟ. ಪಾಕಿಸ್ತಾನದಲ್ಲಿ 1981ರಲ್ಲಿ ಹೊರಬಿದ್ದ ಸುಗ್ರೀವಾಜ್ಞೆಯು ಉಪವಾಸದ ವೇಳೆ ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದನ್ನೂ ಕುಡಿಯುವುದನ್ನೂ ಅಪರಾಧವಾಗಿಸಿತು. ಉಪವಾಸ ಕಡ್ಡಾಯವಾದವರಿಗಷ್ಟೇ ಅದು ಅನ್ವಯವೆಂಬುದೇನೋ ನಿಜ. ಆದರೆ ಸುಡುಬಿಸಿಲಲ್ಲಿ ಗುಟುಕು ನೀರು ಕುಡಿಯುವ ಕೂಲಿಕಾರನು ತಾನು ಅಸ್ವಸ್ಥನೆಂದು ಪೊಲೀಸರಿಗೆ ಸಾಬೀತುಪಡಿಸುವುದೆಂತು? ಕಾನೂನಿಲ್ಲದ ಕಡೆಗಳಲ್ಲಿ ಆ ಕೆಲಸವನ್ನು ನೆರೆಹೊರೆಯವರ ಕಣ್ಣುಗಳೇ ಮಾಡುತ್ತವೆ. ಮಧುಮೇಹಿಗಳು ವೈದ್ಯರ ಮಾತು ಮೀರಿ ಉಪವಾಸ ಹಿಡಿಯುವುದರ ಹಿಂದೆ ಭಕ್ತಿಯಷ್ಟೇ ಈ ಸಂಕೋಚವೂ ಇದೆ.

ಚಾಂದ್ರಮಾನದ ರಂಜಾನ್ ವರ್ಷಕ್ಕೆ 10-11 ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಅದು ಫೆಬ್ರವರಿಯಲ್ಲೇ ಆರಂಭವಾಯಿತು. ಕರಾಚಿಗೆ ಜೂನ್ ತಿಂಗಳ ಉಪವಾಸ ಮರಳುವುದು 2047ರ ಸುಮಾರಿಗೆ.